ಐದು ಡಬ್ಬಿ, ಒಂದೇ ಗಂಟಲು

ಜನವರಿ 8, 2025, ಬುಧವಾರ

ಹರಪನಹಳ್ಳಿಯ ಮೆಕ್ಕೆಜೋಳದ ವ್ಯಾಪಾರಿಯೊಬ್ಬರು ಇವತ್ತು ಊಟ ಮುಗಿಸಿ ಈ ಡೈರಿ ಕೊಟ್ಟು ಹೋದರು. ಗೋಡೆಯ ಮೇಲೆ ನಾನು ಬರೆದ "ತಟ್ಟೆಯಲ್ಲಿ ರೊಟ್ಟಿ ಬಿಟ್ಟವರಿಗೆ ನಾಳೆ ಊಟವಿಲ್ಲ" ಎಂಬ ಬೋರ್ಡು ನೋಡಿ, "ನಿಮ್ಮ ಅಕ್ಷರ ಚಂದ ಐತಿ, ಏನರ ಬರೀರಮ್ಮ" ಎಂದರು. ಹತ್ತನೇ ಕ್ಲಾಸು ಪಾಸಾದವಳು ನಾನು, ಬರೆಯಲಾರೆನೇ!

ಮೊದಲ ಪುಟದಲ್ಲಿ ಹೆಸರು, ವಿವರ ಬರೆಯಬೇಕಂತೆ. ನಾಗಲಿಂಗಮ್ಮ, ಐವತ್ತಾರು ವರ್ಷ. ಕೊಟ್ಟೂರಿನ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ರೊಟ್ಟಿ ಖಾನಾವಳಿ. ನಾನು ತಟ್ಟುತ್ತೇನೆ, ಗಂಡ ಮರುಳಪ್ಪ ಬಡಿಸುತ್ತಾನೆ. ಇಂದಿನವರೆಗೆ ಒಂದು ಗುಳಿಗೆ ನುಂಗಿದವಳಲ್ಲ, ಒಬ್ಬರ ಮುಂದೆ ಕೈಯೊಡ್ಡಿದವಳಲ್ಲ. ಪಂಚಮಿಯ ರೊಟ್ಟಿ ಹಬ್ಬದಲ್ಲಿ ಓಣಿಗೆಲ್ಲ ರೊಟ್ಟಿ ಬೀರುತ್ತೇನೆ. ಅವರು ತಿರುಗಿ ಕೊಟ್ಟದ್ದನ್ನು ನಗುನಗುತ್ತಾ ಇಸಿದುಕೊಂಡು ಹಿತ್ತಿಲ ಎಮ್ಮೆಗೆ ಹಾಕುತ್ತೇನೆ. ಸುಳ್ಳೇಕೆ ಹೇಳಲಿ, ದುರುಗಮ್ಮನ ರೊಟ್ಟಿ ಬಾಯಿಗಿಟ್ಟು ಆ ಎಮ್ಮೆಯೂ ಒಮ್ಮೆ ನನ್ನ ಮುಖ ನೋಡಿತ್ತು.

ಮಧ್ಯಾಹ್ನ ಆಶಾ ಕಾರ್ಯಕರ್ತೆ ಗೀತಮ್ಮ ಚೀಲದ ತುಂಬ ಪ್ಲಾಸ್ಟಿಕ್ ಡಬ್ಬಿ ಹೊತ್ತು ಬಂದಳು. ಕ್ಷಯದ ಪರೀಕ್ಷೆಯಂತೆ, ಕಫ ಬೇಕಂತೆ.

"ಕೆಮ್ಮಿಲ್ಲ, ಜ್ವರ ಇಲ್ಲ. ನಮಗ್ಯಾಕಬೇ ಇದು?" ಎಂದೆ.

"ಈ ಸಲ ಕೆಮ್ಮಿಲ್ಲದೋರ್ನೂ ನೋಡಾದು, ಯಕ್ಕಾ. ಒಳಗ ಕುಂತಿರತೈತಿ, ತೋರಿಸ್ಕೊಳ್ಳಂಗಿಲ್ಲ. ಎಕ್ಸ್‌ರೇ ಪೆಟಿಗಿ ಇಟ್ಟಿಗಿ ಊರ ಕಡಿ ಹೋಗೈತಿ, ಬರಾದು ತಡ. ಅಲ್ಲಿತನ ಕಫ ಕೊಡ್ರಿ. ಮುಂಜಾನಿ ಬಾಯಿ ಮುಕ್ಕಳಿಸಿ ಎದಿಯಾಳದಿಂದ ತಗೀಬೇಕು. ಉಗುಳು ನಡಿಯಂಗಿಲ್ಲ ನೋಡ್ರಿ."

ಐದು ಡಬ್ಬಿ ಇಟ್ಟು ಹೋದಳು. ನನಗೊಂದು, ನನ್ನ ಜೊತೆ ರೊಟ್ಟಿ ತಟ್ಟುವ ಅಂಜಿನಕ್ಕನಿಗೊಂದು, ಸೊಪ್ಪು ಮಾರುವ ದುರುಗಮ್ಮನಿಗೊಂದು, ಪಕ್ಕದ ಮನೆಯ ಸುಂಕಮ್ಮನಿಗೊಂದು, ಅವಳ ಗಂಡ ಟೆಂಪೋ ಮೈಲಪ್ಪನಿಗೊಂದು. ಮರುಳಪ್ಪ ಮದುವೆಯೂಟಕ್ಕೆಂದು ಉಜ್ಜಿನಿಗೆ ಹೋಗಿದ್ದರಿಂದ ತಪ್ಪಿಸಿಕೊಂಡ.

ಜನವರಿ 10, ಶುಕ್ರವಾರ

ನನಗೆ ಕೆಲಸದ ಗಡಿಬಿಡಿಯಲ್ಲಿ ಕೊಡಲಾಗಿರಲಿಲ್ಲ. ಉಳಿದ ನಾಲ್ಕು ಜನ ಕೊಟ್ಟಿದ್ದರು. ನಾಲ್ಕೂ ವಾಪಸ್! ಬರೀ ಉಗುಳಂತೆ. ಗೀತಮ್ಮನ ಕಣ್ಣಲ್ಲಿ ನೀರು. ನಾಳೆಯೂ ಹೀಗೇ ಆದರೆ ಸಭೆಯಲ್ಲಿ ಎಲ್ಲರ ಮುಂದೆ ಬೈಸಿಕೊಳ್ಳಬೇಕಂತೆ.

ಮೈಲಪ್ಪ ಎದೆ ತಟ್ಟಿಕೊಂಡು, "ಗಟ್ಟಿ ಆಳಿಗೆ ಕಫ ಎಲ್ಲಿಂದ ಬರಬೇಕು ತಗಿ" ಎಂದ.

ಜನವರಿ 11, ಶನಿವಾರ

ಬೆಳಿಗ್ಗೆ ಐದಕ್ಕೆ ನಾನು ಹಿತ್ತಿಲಲ್ಲಿ ನಿಂತು ಕ್ಯಾಕರಿಸಿದರೆ ಬಸ್‌ಸ್ಟ್ಯಾಂಡಿನಲ್ಲಿ ಮಲಗಿದ್ದ ಡ್ರೈವರುಗಳು ಎದ್ದು ಗಾಡಿ ಚಾಲೂ ಮಾಡುತ್ತಾರೆ. ನಲವತ್ತು ವರ್ಷ ಒಲೆಯ ಹೊಗೆ ಕುಡಿದ ಗಂಟಲು ಇದು. ಅಂಗಳ ಗುಡಿಸಿದ ಹಾಗೆ ದಿನಾ ಇದನ್ನೂ ಒಮ್ಮೆ ಗುಡಿಸಬೇಕು, ಅಷ್ಟೇ. ಆಮೇಲೆ ಇಡೀ ದಿನ ಒಂದು ಕೆಮ್ಮಿಲ್ಲ.

ಇವತ್ತು ಗುಡಿಸುವಾಗ ನಾಲ್ಕು ಜನರೂ ಹೆಪ್ಪಿಗೆ ಮಜ್ಜಿಗೆ ಕೇಳಲು ಬಂದವರಂತೆ ಡಬ್ಬಿ ಹಿಡಿದು ನಿಂತಿದ್ದರು.

"ಯಕ್ಕಾ, ಹೆಂಗೂ ಚೆಲ್ಲೇ ಚೆಲ್ತಿ. ನಮಗೂ ಒಂದೀಟು ಹಾಕು" ಎಂದಳು ಅಂಜಿನಕ್ಕ. "ಗೀತಿ ಪಾಪ ಬೈಸ್ಕೊಳ್ಳಾದು ತಪ್ಪತೈತಿ."

ಕೇಳಿದವರಿಗೆ ಇಲ್ಲವೆಂದವಳಲ್ಲ ನಾನು. ಉಪ್ಪು ಕೊಟ್ಟಿದ್ದೇನೆ, ಬೆಂಕಿ ಕೊಟ್ಟಿದ್ದೇನೆ, ಸುಂಕಮ್ಮನ ಮಗಳ ಮದುವೆಗೆ ಹಂಡೆ ಕೊಟ್ಟಿದ್ದೇನೆ. ಇದೇನು ದೊಡ್ಡದು! ಐದೂ ಡಬ್ಬಿಗೆ ಹಂಚಿದೆ. ದುರುಗಮ್ಮ ತನ್ನದನ್ನು ಬೆಳಕಿಗೆ ಹಿಡಿದು, "ಸುಂಕಿಗೆ ನನಗಿಂತ ಜಾಸ್ತಿ ಹಾಕೀಯಲ್ಲ" ಎಂದು ಜಗಳ ತೆಗೆದಳು. ನಕ್ಕು ನಕ್ಕು ನನ್ನ ಪಕ್ಕೆ ಹಿಡಿದುಕೊಂಡವು. ಗೀತಮ್ಮ ಡಬ್ಬಿಗಳನ್ನು ನೋಡಿ, "ಯವ್ವಾ, ಚಿನ್ನದಂಥಾ ಕಫ!" ಎಂದು ಕುಣಿಯುತ್ತಾ ಹೋದಳು.

ಜನವರಿ 14, ಸಂಕ್ರಾಂತಿ

ಸಜ್ಜೆ ರೊಟ್ಟಿ, ಎಣ್ಣೆಗಾಯಿ. ನೂರಾ ಹತ್ತು ಊಟ. ಕೈ ಬಿದ್ದುಹೋಗಿದೆ. ಬರೆಯಲಾರೆ.

ಜನವರಿ 17, ಶುಕ್ರವಾರ

ಗೀತಮ್ಮ ಓಡುತ್ತಾ ಬಂದಳು. ಐದೂ ಡಬ್ಬಿಯಲ್ಲಿ ಕ್ಷಯ ಸಿಕ್ಕಿದೆ. ಕೂಡ್ಲಿಗಿಯ ಲ್ಯಾಬಿನಲ್ಲಿ ಗವಿಸಿದ್ದೇಶ್ ಎನ್ನುವವರು ಮಷೀನಿಗೆ ಎರಡೆರಡು ಸಲ ಹಾಕಿ ನೋಡಿದರಂತೆ. ಒಂದೇ ಓಣಿಯಲ್ಲಿ ಐದು ಜನ ಎಂದು ಮೇಲಿನವರು ಗಾಬರಿಯಾಗಿದ್ದಾರಂತೆ. ಸೋಮವಾರ ಡಾಕ್ಟರಮ್ಮ ಬರುತ್ತಾರೆ, ಐದೂ ಮಂದಿಗೆ ಆರು ತಿಂಗಳು ಗುಳಿಗೆ.

ಅವಳು ಹೋದ ಮೇಲೆ ತಟ್ಟುತ್ತಿದ್ದ ರೊಟ್ಟಿ ಕೈಯಲ್ಲೇ ಹರಿಯಿತು. ಐದು ಡಬ್ಬಿ, ಒಂದೇ ಗಂಟಲು. ಇದಕ್ಕೆ ಹತ್ತನೇ ಕ್ಲಾಸು ಬೇಕೇ? ಕ್ಷಯ ಇರುವುದು ನನಗೆ. ಇಲ್ಲದ ಉಸಾಬರಿ ಮಾಡಿ ಓಣಿಗೆಲ್ಲ ಹಂಚಿದ್ದೂ ನಾನೇ.

ಹೆದರಿದ್ದೇನೆ. ಯಾರೂ ಓದುವುದಿಲ್ಲವಲ್ಲ, ಬರೆದೇಬಿಡುತ್ತೇನೆ. ಬಹಳ ಹೆದರಿದ್ದೇನೆ. ಸಾವಿಗಲ್ಲ, ಗುಳಿಗೆ ನುಂಗಿದರೆ ಪೂರ್ತಿ ವಾಸಿಯಾಗುತ್ತದೆ ಎಂದು ಗೀತಮ್ಮ ಹೇಳಿದಳು. ಆದರೆ ಕ್ಷಯ ಬಂದವಳ ಕೈರೊಟ್ಟಿಯನ್ನು ಯಾರು ತಿನ್ನುತ್ತಾರೆ? ಖಾನಾವಳಿ ಹೋದರೆ ನಾನು ಯಾರು?

ಜನವರಿ 18, ಶನಿವಾರ

ನಾಲ್ವರೂ ಬಂದು ಒಲೆಯ ಮುಂದೆ ಕೂತರು. ಅವರಿಗೂ ಗೊತ್ತಾಗಿದೆ. ಬೈಯುತ್ತಾರೆ ಎಂದುಕೊಂಡಿದ್ದೆ, ತಿರುಗಿ ಬೈಯಲು ತಯಾರಾಗಿಯೂ ಇದ್ದೆ.

ಅಂಜಿನಕ್ಕ ಮೆಲ್ಲಗೆ ಹೇಳಿದಳು: "ನಾವು ಯಾರಿಗೂ ಹೇಳಂಗಿಲ್ಲ, ಯಕ್ಕಾ. ಐದು ಮಂದಿಗೆ ಬಂದ್ರ ಓಣಿ ಗಾಳಿ ಅಂತಾರ. ನಿನ್ನೊಬ್ಬಾಕಿಗೆ ಬಂದ್ರ ರೊಟ್ಟಿ ಅಂತಾರ. ಆರೇ ತಿಂಗಳಲ್ಲೇನು, ನಾವೂ ನಿನ್ನ ಜೋಡಿ ಗುಳಿಗಿ ನುಂಗ್ತೀವಿ."

"ನಾನಂತೂ ಬಸ್‌ಸ್ಟ್ಯಾಂಡಿನಾಗ ಹೇಳೇಬಿಟ್ಟೀನಿ" ಎಂದ ಮೈಲಪ್ಪ. "ನನಗ ದೊಡ್ಡ ರೋಗ ಬಂದೈತಿ, ಯಾರೂ ನನ್ನ ಬೀಡಿ ಕೇಳಬ್ಯಾಡ್ರಿ ಅಂತ. ನಿನ್ನಿಯಿಂದ ಬೀಡಿ ಉಳದಾವು."

ಎದ್ದು ಹೋಗಿರೆಂದು ಕಿರುಚಿದೆ. ನಾನು ಹಂಡೆ ಕೊಟ್ಟವಳು, ನನಗಾಗಿ ಇವರು ಗುಳಿಗೆ ನುಂಗುತ್ತಾರಂತೆ! ಯಾರು ಕೇಳಿದರು ಇವರನ್ನು? ಅವರು ಹೋದ ಮೇಲೆ ಅತ್ತೆ, ಬರೀ ಸಿಟ್ಟಿಗೆ.

ಜನವರಿ 19, ಭಾನುವಾರ

ಸುಮ್ಮನಿದ್ದರೆ ಸಾಕು. ಖಾನಾವಳಿ ಉಳಿಯುತ್ತದೆ. ಬೆಳಗಿನಿಂದ ಹೀಗೆ ಹದಿನೈದು ಸಲ ಅಂದುಕೊಂಡೆ. ಹದಿನೈದು ಸಲವೂ ದುರುಗಮ್ಮ ಸೊಪ್ಪಿನ ಬುಟ್ಟಿ ಹೊತ್ತು ಬಾಗಿಲ ಮುಂದೆ ಹಾದುಹೋದಳು. ಮೊದಲೇ ಏನು ತಿಂದರೂ ವಾಂತಿ ಮಾಡಿಕೊಳ್ಳುವ ಹೊಟ್ಟೆ ಅವಳದು.

ಜನವರಿ 20, ಸೋಮವಾರ

ಜೀಪು ಬಂತು. ಡಾಕ್ಟರಮ್ಮ, ಲ್ಯಾಬಿನ ಗವಿಸಿದ್ದೇಶ್, ಗೀತಮ್ಮ ಇಳಿದರು. ಬೇವಿನ ಕಟ್ಟೆಯ ಸುತ್ತ ಓಣಿಯೇ ಏನು, ಅರ್ಧ ಬಸ್‌ಸ್ಟ್ಯಾಂಡು ನೆರೆದಿತ್ತು. ಮೊದಲು ಕರೆದದ್ದು ದುರುಗಮ್ಮನನ್ನು. ಆಕೆ ಗುಳಿಗೆ ಕೈಗೆ ತೆಗೆದುಕೊಂಡು, ನನ್ನ ಕಡೆ ನೋಡಿ ಒಮ್ಮೆ ನಕ್ಕು, ಬಾಯಿ ತೆರೆದಳು.

"ಬಾಯಿ ಮುಚ್ಚಲೇ ದುರುಗೀ!" ಎಂದೆ. ಕ್ಯಾಕರಿಸುವ ಗಂಟಲಿನಿಂದಲೇ ಬಂತು ಅದು, ಜೀಪಿನ ಡ್ರೈವರು ಬೆಚ್ಚಿ ಹಾರ್ನ್ ಒತ್ತಿಬಿಟ್ಟ.

ಕಟ್ಟೆ ಹತ್ತಿದೆ. "ಡಾಕ್ಟರಮ್ಮಾರ, ಇವ್ರು ನಾಲ್ಕೂ ಮಂದಿಗೆ ಏನೂ ಇಲ್ಲ. ಐದೂ ಡಬ್ಬಿಯಾಗ ಇದ್ದದ್ದು ನಂದ ಕಫ. ಇವ್ರಿಗೆ ಬರಲಿಲ್ಲಂತ ನಾನ ಹಂಚೀನಿ. ಕ್ಷಯ ಬಂದಿರಾದು ಖಾನಾವಳಿ ನಾಗಲಿಂಗಮ್ಮಗ, ನನಗೊಬ್ಬಾಕಿಗೆ. ಎಲ್ಲಾರೂ ಕೇಳಿಸ್ಕೊಂಡ್ರಿಲ್ಲೋ? ಇನ್ನೊಮ್ಮಿ ಹೇಳ್ಲೇನು?"

ಗವಿಸಿದ್ದೇಶ್ ಜೀಪಿನ ಮೆಟ್ಟಿಲ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಗತೊಡಗಿದ. ನಲವತ್ತರ ಆಸುಪಾಸಿನ, ನೋಡಲು ಗಂಭೀರವಾದ ಮನುಷ್ಯ. "ಐದೂ ಡಬ್ಬಿಯಾಗ ಅಂಕಿ ಒಡಹುಟ್ಟಿದೋರಂಗ ಬಂದಾವಲ್ಲ ಅಂತ ಮೂರು ದಿನ ನಿದ್ದಿಗೆಟ್ಟಿದ್ದೆನ್ರಿ! ನನ್ನ ಮಷೀನ್ ಕೆಟ್ಟೈತಿ ಅನ್ಕೊಂಡಿದ್ದೆ!"

ಡಾಕ್ಟರಮ್ಮ ನಗಲಿಲ್ಲ. ಐವರನ್ನೂ ಸಾಲಾಗಿ ನಿಲ್ಲಿಸಿ, ಶಾಲೆಯ ಮಕ್ಕಳಿಗೆ ಬೈದಂತೆ ಬೈದರು. "ಇಲ್ಲದ ರೋಗಕ್ಕ ಆರು ತಿಂಗಳು ಔಷಧಿ ನುಂಗ್ತಿದ್ರಲ್ಲ, ಬುದ್ಧಿ ಐತೇನ್ರಿ?" ಕೊನೆಗೆ ನನ್ನ ಭುಜ ಮುಟ್ಟಿ, "ಕೆಮ್ಮು ಬರಲಿ ಅಂತ ಕಾದಿದ್ರ ವರ್ಷ ಹೋಗ್ತಿತ್ತು. ಬೇಗ ಸಿಕ್ಕೀರಿ. ವಾಸಿ ಆಗ್ತೀರಿ" ಎಂದರು. ಎರಡು ವಾರ ಅಡುಗೆಮನೆ ಬಿಟ್ಟು ಹೊರಗೆ ಗಾಳಿಯಲ್ಲಿ ಇರಬೇಕಂತೆ, ಬಾಯಿಗೆ ಮಾಸ್ಕ್ ಕಟ್ಟಬೇಕಂತೆ. ಇದು ಹರಡುವುದು ಉಸಿರಿನಿಂದ, ರೊಟ್ಟಿಯಿಂದಲ್ಲ ಎಂದು ಕಟ್ಟೆಯ ಮೇಲಿಂದಲೇ ಎರಡು ಸಲ ಹೇಳಿದರು. ಜನ ತಲೆಯಾಡಿಸಿದರು. ಮಧ್ಯಾಹ್ನ ಊಟಕ್ಕೆ ಬಂದವರು ಏಳು ಜನ.

ಮರುಳಪ್ಪ ಖಾಲಿ ತಟ್ಟೆಗಳನ್ನು ಒರೆಸುತ್ತಾ, "ಆರು ತಿಂಗಳ ಹೌದಲ್ಲೋ, ಬಿಡು. ನಲವತ್ತು ವರ್ಷ ನಿನ್ನ ಬಾಯಿ ತಡದೀನಿ" ಎಂದ. ಅವನು ದಿನಕ್ಕೆ ಆಡುವ ಮಾತು ಅಷ್ಟೇ.

ಜನವರಿ 23, ಗುರುವಾರ

ಎಕ್ಸ್‌ರೇ ಪೆಟ್ಟಿಗೆ ಬಂತು. ನಾಲ್ವರ ಎದೆಯೂ ಸ್ವಚ್ಛ! ಮರುಳಪ್ಪನದೂ ಸ್ವಚ್ಛ! ಆದರೂ ನನ್ನ ಹತ್ತಿರವೇ ಇರುವವರೆಂದು ಮರುಳಪ್ಪನಿಗೂ ಅಂಜಿನಕ್ಕನಿಗೂ ಮುಂಜಾಗ್ರತೆಗೆ ವಾರಕ್ಕೊಮ್ಮೆ ಗುಳಿಗೆ ಕೊಟ್ಟಿದ್ದಾರೆ. "ನೋಡು, ಕಡೀಗೂ ನಿನ್ನ ಜೋಡಿ ನುಂಗಿದೆ" ಎಂದು ಅಂಜಿನಕ್ಕ ಗೆದ್ದವಳಂತೆ ನಕ್ಕಳು.

ನನ್ನ ಗುಳಿಗೆ ನುಂಗಿದರೆ ಮೂತ್ರ ಕೇಸರಿಬಾತಿನ ಬಣ್ಣ ಬರುತ್ತದೆ. ಇದನ್ನು ಯಾರಿಗೆ ಹೇಳಲಿ, ಡೈರಿಗೆ ಹೇಳಿದೆ.

ಗೀತಮ್ಮ ಬೇಳೆ, ಶೇಂಗಾ ಇರುವ ಪೌಷ್ಟಿಕ ಕಿಟ್ ತಂದಿದ್ದಳು. ರೊಟ್ಟಿ ಮನೆಯವಳಿಗೆ ಬೇಳೆ ದಾನವೇ? ತಿರುಗಿಸಿ ಕಳಿಸಿದೆ.

ಫೆಬ್ರವರಿ 1, ಶನಿವಾರ

ಖಾನಾವಳಿಯನ್ನು ಆ ನಾಲ್ವರೂ ನಡೆಸುತ್ತಿದ್ದಾರೆ. ನಾನು ಕರೆಯಲಿಲ್ಲ, ತಾವೇ ಬಂದು ನುಗ್ಗಿದರು. ಅಂಜಿನಕ್ಕ ತಟ್ಟುತ್ತಾಳೆ, ಸುಂಕಮ್ಮ ಬೇಯಿಸುತ್ತಾಳೆ, ದುರುಗಮ್ಮ ಪಲ್ಯ, ಮೈಲಪ್ಪ ಟೆಂಪೋ ಬಿಟ್ಟು ನೀರು ಹಾಕುತ್ತಾನೆ. ನಾನು ಬೇವಿನ ಕಟ್ಟೆಯ ಮೇಲೆ ಮಾಸ್ಕ್ ಕಟ್ಟಿಕೊಂಡು ಕೂತು ಹುಕುಂ ಮಾಡುತ್ತೇನೆ. "ನಾದು ಇನ್ನೂ! ಹಿಟ್ಟು ಅತ್ತಂಗಾಗೈತಿ ನೋಡು!" ಎಂದರೆ ಮಾಸ್ಕಿನೊಳಗಿಂದ ಅವರಿಗೆ ಕೇಳಿಸುವುದಿಲ್ಲವಂತೆ. ಕೇಳಿಸುತ್ತದೆ, ಕಳ್ಳರು!

ಗಿರಾಕಿ ಅರ್ಧದಷ್ಟು ತಿರುಗಿ ಬಂದಿದ್ದಾರೆ. ಅದೂ ನಾನು ತಟ್ಟುತ್ತಿಲ್ಲ ಎಂಬ ಧೈರ್ಯಕ್ಕೆ. ದುರುಗಮ್ಮನ ಬದನೆಕಾಯಿ ಪಲ್ಯಕ್ಕೆ ಖಾರ ಜಾಸ್ತಿ. ಆದರೂ ಇವತ್ತು ಎರಡು ಸಲ ಹಾಕಿಸಿಕೊಂಡೆ. ಹಸಿವು ಜಾಸ್ತಿಯಾಗಿದೆ, ಗುಳಿಗೆಯ ಗುಣವಿರಬೇಕು.

ಫೆಬ್ರವರಿ 6, ಗುರುವಾರ

ಇನ್ನು ಒಲೆಯ ಮುಂದೆ ಕೂಡಬಹುದು ಎಂದು ಡಾಕ್ಟರಮ್ಮ ಒಪ್ಪಿಗೆ ಕೊಟ್ಟರು. ಕೂತೆ. ಅರವತ್ತು ರೊಟ್ಟಿ ತಟ್ಟಿದೆ, ಹೂವಿನಂಥ ರೊಟ್ಟಿ.

ಬಾಗಿಲಿಗೆ ಬಂದವರು ನನ್ನನ್ನು ಕಂಡು, "ಹೊಟ್ಟಿ ಸರಿ ಇಲ್ರಿ ಇವತ್ತು" ಎನ್ನುತ್ತಾ ತಿರುಗಿ ಹೋದರು. ಕೊಟ್ಟೂರಿಗೆಲ್ಲ ಒಂದೇ ದಿನ ಹೊಟ್ಟೆ ಕೆಟ್ಟಿತೇ?

ಫೆಬ್ರವರಿ 8, ಶನಿವಾರ

ಯಾರೂ ಇಲ್ಲ. ಎಮ್ಮೆ ನನ್ನ ರೊಟ್ಟಿ ತಿಂದು ತಿಂದು ದಪ್ಪಗಾಗುತ್ತಿದೆ.

ಫೆಬ್ರವರಿ 10, ಸೋಮವಾರ

ಸರಿಯಾಗಿ ಒಂದೂವರೆಗೆ, ಎದುರಿನ ಚಹದಂಗಡಿ ತುಂಬಿದ್ದಾಗ, ಗವಿಸಿದ್ದೇಶ್ ಬೈಕಿನಿಂದ ಇಳಿದ. ಕೂಡ್ಲಿಗಿಯಿಂದ ಬೇರೆ ಕೆಲಸಕ್ಕೆ ಬಂದಿದ್ದನಂತೆ. ಮೂಲೆಯಲ್ಲಿ ಕೂಡಬಹುದಿತ್ತು. ಬೆಂಚನ್ನು ಬಾಗಿಲಿಗೇ ಎಳೆದುಕೊಂಡು, ರಸ್ತೆಗೆ ಮುಖ ಮಾಡಿ ಕೂತ.

"ಯವ್ವಾ, ನಿಮ್ಮ ಕಫ ಹತ್ತು ಸಲ ನೋಡೀನಿ. ರೊಟ್ಟಿ ಒಮ್ಮಿನೂ ತಿಂದಿಲ್ಲ. ಹಾಕ್ರಿ!" ಎಂದ, ಚಹದಂಗಡಿಗೂ ಕೇಳುವಂತೆ.

ಬಿಸಿಬಿಸಿ ಹಾಕಿದೆ. ಮೊದಲನೆಯದನ್ನು ಚಟ್ನಿ ಹಚ್ಚಿ ಮುಗಿಸಿದ, ಎರಡನೆಯದನ್ನು ಕಡಲೆಹಿಟ್ಟಿನ ಜುಣಕದ ಜೊತೆ, ಮೂರನೆಯದನ್ನು ಬರೀ ಬೆಣ್ಣೆಗೆ. ಏಳಾದವು. ಚಹದಂಗಡಿಯಿಂದ ಒಬ್ಬ ಕೂಗಿದ: "ಲ್ಯಾಬಿನವರ, ಹೆದರಿಕಿ ಇಲ್ಲೇನ್ರಿ?"

"ಆ ಹುಳ ಹೆಂಗಿರತೈತಿ, ಎಲ್ಲಿಂದ ಬರತೈತಿ ಅಂತ ದಿನಾ ನೋಡಾಂವ ನಾನು. ನನಗ ಇಲ್ಲದ ಹೆದರಿಕಿ ನಿನಗ್ಯಾಕೋ? ಬಾ, ಎರಡು ಉಳದಾವು. ಅವನ್ನೂ ನಾನ ತಿಂತೀನಿ ನೋಡು ಮತ್ತ!"

ಮೊದಲು ಇಬ್ಬರು ಬಂದರು, ಆಮೇಲೆ ನಾಲ್ವರು. ಮೂರು ಗಂಟೆಗೆ ಹಿಟ್ಟು ಖಾಲಿಯಾಗಿ ಮರುಳಪ್ಪ ಗಿರಣಿಗೆ ಓಡಿದ. ನಾನು ಒಲೆಯ ಹಿಂದೆ ಸೆರಗಿನಲ್ಲಿ ಮುಖ ಒರೆಸಿಕೊಂಡೆ. ಹೊಗೆ ಎಂದೆ. ಯಾರೂ ನಂಬಲಿಲ್ಲ. ಇವತ್ತಿನಷ್ಟು ಸಂತೋಷ ನನ್ನ ಮದುವೆಯ ದಿನವೂ ಆಗಿರಲಿಲ್ಲ, ಮರುಳಪ್ಪ ಓದದಿದ್ದರೆ ಸಾಕು.

ಮಾರ್ಚ್ 30, ಯುಗಾದಿ

ಬೇವು ಬೆಲ್ಲ. ಈ ವರ್ಷ ಬೇವಿನ ಪಾಲನ್ನು ಗುಳಿಗೆಯೇ ಕೊಟ್ಟಿದೆ. ಎರಡು ಕಿಲೋ ತೂಕ ಹೆಚ್ಚಾಗಿದ್ದೇನೆ. ಗೀತಮ್ಮನ ಕಿಟ್ಟಿನ ಶೇಂಗಾ ಚೆನ್ನಾಗಿದೆ. ಮುಂದಿನ ತಿಂಗಳು ಬೇಗ ತಾ ಎಂದು ಹೇಳಿ ಕಳಿಸಿದೆ.

ಜುಲೈ 22, ಮಂಗಳವಾರ

ಆರು ತಿಂಗಳು ಮುಗಿಯಿತು! ಕೊನೆಯ ಪರೀಕ್ಷೆಗೆ ಗೀತಮ್ಮ ಮತ್ತೆ ಡಬ್ಬಿ ಕೊಟ್ಟಿದ್ದಳು. ಬೆಳಿಗ್ಗೆ ಹಿತ್ತಿಲಲ್ಲಿ ನಿಂತು ಕ್ಯಾಕರಿಸಿದೆ. ಏನೂ ಇಲ್ಲ! ಹೊಟ್ಟೆಯ ಕರುಳು ಬಾಯಿಗೆ ಬರುವಂತೆ ಕ್ಯಾಕರಿಸಿದೆ. ಖಾಲಿ ಕೊಡ ಅಲ್ಲಾಡಿಸಿದ ಹಾಗೆ ಬರೀ ಸದ್ದು. ಇಡೀ ಓಣಿಗೆ ಹಂಚಿದ ಗಂಟಲಿಗೆ ಎಂಥ ಬರಗಾಲ!

ಗೋಡೆಯಾಚೆಯಿಂದ ಮೈಲಪ್ಪ, "ಯಕ್ಕಾ, ಕಡ ಬೇಕೇನು?" ಎಂದ.

ಗೀತಮ್ಮ ಅಲ್ಲಿಂದಲೇ ಲ್ಯಾಬಿಗೆ ಫೋನ್ ಮಾಡಿದಳು. ಗವಿಸಿದ್ದೇಶ್ ಕೂಗಿದ್ದು ನನಗೂ ಕೇಳಿತು: "ಯಾರ ಹತ್ರನೂ ಇಸ್ಕೋಬ್ಯಾಡ್ರಿ ಅಂತ ಹೇಳು ಮಾರಾಯ್ತಿ! ಬರಲಿಲ್ಲಂದ್ರ ಖುಷಿ ಸುದ್ದಿ ಅದು!"

ಸಂಜೆ ಕೂಡ್ಲಿಗಿಯಲ್ಲಿ ಎಕ್ಸ್‌ರೇ ತೆಗೆದರು. ವಾಸಿಯಾಗಿದೆ ಎಂದು ಡಾಕ್ಟರಮ್ಮ ಚೀಟಿಯಲ್ಲಿ ಬರೆದುಕೊಟ್ಟರು. ಬಸ್ಸಿನಲ್ಲಿ ಮರುಳಪ್ಪ ಆ ಚೀಟಿಯನ್ನು ಹಿಡಿದು ಓದಿದ, ಮಡಿಸಿದ, ಮತ್ತೆ ತೆಗೆದು ಓದಿದ. ಕೊಟ್ಟೂರು ಬರುವತನಕ ಅದನ್ನೇ ಮಾಡಿದ.

ಜುಲೈ 27, ಭಾನುವಾರ, ರೊಟ್ಟಿ ಹಬ್ಬ

ನಸುಕಿನಲ್ಲೇ ಎದ್ದು ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಪುಂಡಿ ಪಲ್ಯ, ಮೊಳಕೆಕಾಳು, ಮೂರು ಥರದ ಚಟ್ನಿ ಮಾಡಿ ಓಣಿಗೆಲ್ಲ ಬೀರಲು ಹೊರಟೆ. ಪ್ರತಿ ವರ್ಷ ತಟ್ಟೆ ಕೊಟ್ಟು ನಿಲ್ಲದೆ ಬರುವವಳು, ಈ ಸಲ ಪ್ರತಿ ಬಾಗಿಲಲ್ಲೂ ಒಂದು ಗಳಿಗೆ ನಿಂತೆ. ಇಸಿದುಕೊಳ್ಳುತ್ತಾರೋ ಇಲ್ಲವೋ ಎಂಬ ಅಳುಕು ಒಳಗೆ ಇನ್ನೂ ಇತ್ತು. ಸುಂಕಮ್ಮ ಬಾಗಿಲಲ್ಲೇ ಮುರಿದು ಬಾಯಿಗಿಟ್ಟುಕೊಂಡಳು. ಮೈಲಪ್ಪ ಅವಳ ಕೈಯಿಂದ ಕಿತ್ತುಕೊಂಡ. ಚಹದಂಗಡಿಯವನೂ ಎದ್ದು ಬಂದು, "ನಮಗಿಲ್ಲೇನ್ರಿ?" ಎಂದ. ಇಪ್ಪತ್ತೆರಡು ಮನೆ, ಒಂದೂ ತಟ್ಟೆ ವಾಪಸ್ ಬರಲಿಲ್ಲ.

ಮನೆಗೆ ಬಂದರೆ ದುರುಗಮ್ಮ ತನ್ನ ರೊಟ್ಟಿಯ ಬುಟ್ಟಿ ಹಿಡಿದು ಕಟ್ಟೆಯ ಮೇಲೆ ಕಾಯುತ್ತಿದ್ದಳು. "ಎಮ್ಮಿಗೆ ಹಾಕ್ತಿ ಅಂತ ಗೊತ್ತು ಬಿಡು. ಆದ್ರೂ ತಂದೀನಿ" ಎಂದಳು. ಇಷ್ಟು ವರ್ಷ ಅವಳಿಗೆ ಗೊತ್ತಿತ್ತಂತೆ!

ಪಕ್ಕದಲ್ಲೇ ಕೂತೆ. ಬುಟ್ಟಿಯಿಂದ ಒಂದನ್ನು ತೆಗೆದು, ಅವಳ ಖಾರದ ಬದನೆಕಾಯಿಯನ್ನು ಸುತ್ತಿಕೊಂಡು ತಿಂದೆ. ಹಿತ್ತಿಲಲ್ಲಿ ಎಮ್ಮೆ ಒದರುತ್ತಿತ್ತು, ಒದರಲಿ ಎಂದು ಬಿಟ್ಟೆ. ರೊಟ್ಟಿ ದಪ್ಪ ಇತ್ತು, ಒಂದು ಅಂಚು ಸೀದಿತ್ತು, ಉಪ್ಪೂ ಕಡಿಮೆ. ಎಲ್ಲವನ್ನೂ ಅವಳ ಮುಖಕ್ಕೇ ಹೇಳಿದೆ.

ಹೇಳಿ, ಇನ್ನೊಂದು ಹಾಕಬೇ ಎಂದು ಕೈಯೊಡ್ಡಿದೆ.